ದ್ರಾಕ್ಷಿ ರಫ್ತು: ಆಮದು ಸಾಮಗ್ರಿಯ ಮೇಲೆ ತೆತ್ತ ತೆರಿಗೆಯನ್ನು ಮರಳಿ ಪಡೆಯುವ ಕ್ರಮ

ರಫ್ತಿಗೆ ಹೊರಡುವ ದ್ರಾಕ್ಷಿಯ ಪೆಟ್ಟಿಗೆಯಲ್ಲಿ ಬೂಷ್ಟು ತಡೆಯಲು ಗಂಧಕದ ಡೈಆಕ್ಸೈಡ್ ಹೊರಸೂಸುವ ಹಾಳೆಯನ್ನು ಇಡುವುದು ತಮಗೆಲ್ಲ ತಿಳಿದದ್ದೇ. ಇಂತಹ ಹಾಳೆಯನ್ನು ಹೊರದೇಶದಿಂದ ತರಿಸಿದಾಗ ಬಂದರಿನಲ್ಲಿ ಸುಂಕದೊಡನೆ ಐಜಿಎಸ್‌ಟಿಯನ್ನೂ ಕಟ್ಟಬೇಕಾಗುತ್ತದೆ. ಬೇರೆ ದೇಶಗಳಲ್ಲಿ ಆಮದು ವ್ಯಾಟ್ ಎನ್ನುವುದು ನಮ್ಮಲ್ಲಿ 2017ರ ಜುಲೈ 1ರಿಂದ ಈ ರೂಪದಲ್ಲಿದೆ. ತಾಜಾ ದ್ರಾಕ್ಷಿಗೆ ಜಿಎಸ್‌ಟಿ ಇಲ್ಲವಾದ್ದರಿಂದ ಕಟ್ಟಿದ ತೆರಿಗೆಯೂ ಮರಳಿ ಬಾರದೆಂದು ಕೈಬಿಡುವ ರೈತ ಉತ್ಪಾದಕ ಸಂಸ್ಥೆಗಳುಂಟು. ಇದು ತಪ್ಪು ತಿಳಿವಳಿಕೆ. ಐಜಿಎಸ್‌ಟಿ ಕಾಯ್ದೆಯ 16ನೆಯ ಕಲಮಿನಂತೆ ರಫ್ತು ಶೂನ್ಯ ದರದ ಪೂರೈಕೆ. ಸರಕು ತೆರಿಗೆ ವಿನಾಯಿತಿ ಪಡೆದದ್ದಾಗಿದ್ದರೂ ರಫ್ತಿನ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ.

ಆದರೆ ಈ ಹಕ್ಕು ಜಿಎಸ್‌ಟಿ ನೋಂದಣಿ ಇರುವವರಿಗೆ ಮಾತ್ರ. ಸ್ವಂತ ಸಾಗುವಳಿಯ ಬೆಳೆ ಮಾರುವ ರೈತರಿಗೆ ನೋಂದಣಿಯ ಕಡ್ಡಾಯವಿಲ್ಲ. ಹಾಗಾಗಿ ತೋಟದಲ್ಲಿಯೇ ರಫ್ತುದಾರರಿಗೆ ಹಣ್ಣು ಕೊಡುವವರಿಗೆ ಮರುಪಾವತಿಯ ಪ್ರಶ್ನೆ ಬಾರದು. ಅದು ರಫ್ತುದಾರರಿಗೆ ಸಲ್ಲುತ್ತದೆ ಎಂಬುದನ್ನು ದರ ಮಾತನಾಡುವಾಗ ನೆನಪಿನಲ್ಲಿಡಿ.

ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಸಾಮಗ್ರಿಯ ಮೌಲ್ಯ 10,00,000 ರೂ., ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಎಂದಿಟ್ಟುಕೊಳ್ಳಿ. ಸುಂಕ 1,00,000 ರೂ.; ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ 10,000 ರೂ. ಈ ಎಲ್ಲದರ ಮೊತ್ತವಾದ 11,10,000 ರೂ. ಮೇಲೆ ಐಜಿಎಸ್‌ಟಿ 1,99,800 ರೂ. ಜಮೆಗೆ ಬರುವುದು ಈ ಕೊನೆಯ ಮೊತ್ತ ಮಾತ್ರ. ಉಳಿದ 1,10,000 ರೂ. ಸುಂಕಕ್ಕೆ ಜಿಎಸ್‌ಟಿ ಕಚೇರಿಯಲ್ಲಿ ದಾರಿಯಿಲ್ಲ. ಅದಕ್ಕೆ ಕಸ್ಟಮ್ಸ್ ಇಲಾಖೆಯ ಡ್ಯೂಟಿ ಡ್ರಾಬ್ಯಾಕ್ ವ್ಯವಸ್ಥೆ ಬೇರೆಯೇ ಇದೆ.

ದೇಶದೊಳಗೆ ಕೊಂಡ ರಟ್ಟಿನ ಪೆಟ್ಟಿಗೆ ಮುಂತಾದವುಗಳ ತೆರಿಗೆಯೂ ಸೇರಿ ಒಟ್ಟು ಜಮೆ 4,00,000 ರೂ. ಆಯಿತೆನ್ನಿ. ರಫ್ತು ವಹಿವಾಟು 60 ಲಕ್ಷ, ಸ್ಥಳೀಯವಾಗಿ ಮಾರಿದ ಒಣದ್ರಾಕ್ಷಿ 20 ಲಕ್ಷ. ನಿಯಮ 89(4)ರ ಸೂತ್ರದಂತೆ 80ಕ್ಕೆ 60ರ ಪಾಲು, ಅಂದರೆ 3,00,000 ರೂ. ಮರುಪಾವತಿಗೆ ಅರ್ಹ. ಒಣದ್ರಾಕ್ಷಿಯ ಶೇ. 5ರ ತೆರಿಗೆ 1,00,000 ರೂ. ಕಳೆದ ಮೇಲೆ ಖಾತೆಯಲ್ಲಿ ಉಳಿಯುವುದೂ ಅಷ್ಟೇ. ಖಾತೆಯ ಶಿಲ್ಕು ಇದಕ್ಕಿಂತ ಕಡಿಮೆಯಿದ್ದರೆ ಆ ಕಡಿಮೆ ಮೊತ್ತವೇ ಸಿಗುತ್ತದೆ. ತಾಜಾ ಹಣ್ಣನ್ನು ಒಳದೇಶದಲ್ಲಿಯೂ ಮಾರಿದ್ದರೆ, ಆ ಪ್ರಮಾಣದ ಜಮೆಯನ್ನು ಮೊದಲೇ ಹಿಂದಿರುಗಿಸಬೇಕು. ಗ್ರೇಡಿಂಗ್ ಯಂತ್ರದಂತಹ ಬಂಡವಾಳ ಸರಕಿನ ತೆರಿಗೆ ಈ ಸೂತ್ರದೊಳಗೆ ಸೇರದು.

ರಫ್ತು ಸುಂಕ ತೆರಬೇಕಾದ ಸರಕಿಗೆ ಬಳಕೆಯಾಗದ ಜಮೆಯ ಮರುಪಾವತಿ ಇಲ್ಲ. ಈರುಳ್ಳಿ ಬೆಳೆಗಾರರಿಗೆ ಇದರ ಅನುಭವವಿದೆ. 2023ರ ಆಗಸ್ಟ್‌ನಲ್ಲಿ ಶೇ. 40ರ ಸುಂಕ ಬಂದಿತು. 2024ರ ಸೆಪ್ಟೆಂಬರ್‌ನಲ್ಲಿ ಶೇ. 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ರದ್ದಾಯಿತು. ನಡುವೆ ಬೆಂಗಳೂರು ಗುಲಾಬಿ ಈರುಳ್ಳಿಗೆ ಮಾತ್ರ ರಾಜ್ಯದ ತೋಟಗಾರಿಕಾ ಆಯುಕ್ತರ ಪ್ರಮಾಣಪತ್ರದ ಮೇಲೆ ವಿನಾಯಿತಿ ದೊರೆತಿತ್ತು. ಆ ಅವಧಿಯ ರಫ್ತಿನ ಕಡತ ಇರುವವರು ಪ್ರಮಾಣಪತ್ರವನ್ನು ಜೋಪಾನವಾಗಿಡಬೇಕು.

ಹೆಚ್ಚಿನ ಅರ್ಜಿಗಳು ಎಡವುವುದು ಕಾಗದಪತ್ರದಲ್ಲಿ. ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಸಂಸ್ಥೆಯದೇ ಜಿಎಸ್‌ಟಿ ಸಂಖ್ಯೆ ಇರಬೇಕು. ವ್ಯಾಪಾರಿಯೊಬ್ಬರು ಆಮದು ಮಾಡಿ ನಿಮಗೆ ಮಾರಿದ್ದರೆ ಅವರ ಬಿಲ್ ಆಫ್ ಎಂಟ್ರಿಯ ಪ್ರತಿ ಪ್ರಯೋಜನಕ್ಕೆ ಬಾರದು, ಅವರ ತೆರಿಗೆ ಇನ್‌ವಾಯ್ಸ್ ಬೇಕು. ಇನ್‌ವಾಯ್ಸ್ ಮತ್ತು ಶಿಪ್ಪಿಂಗ್ ಬಿಲ್‌ಗಳ ಸಂಖ್ಯೆ, ದಿನಾಂಕ, ಮೌಲ್ಯ ತಾಳೆಯಾಗಬೇಕು. ತೆರಿಗೆಯುಳ್ಳ ಸರಕನ್ನು, ಉದಾಹರಣೆಗೆ ಸಂಸ್ಕರಿಸಿದ ಮಿಡಿಸೌತೆಯನ್ನು, ತೆರಿಗೆ ಕಟ್ಟದೆ ಕಳುಹಿಸುವವರು ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷಕ್ಕೂ ಸಲ್ಲಿಸಬೇಕು. ಇನ್‌ವಾಯ್ಸ್ ದಿನದಿಂದ ಮೂರು ತಿಂಗಳೊಳಗೆ ಸರಕು ದೇಶ ಬಿಡಬೇಕು. ತಾಜಾ ದ್ರಾಕ್ಷಿಗೆ ಈ ಮುಚ್ಚಳಿಕೆಯ ಒತ್ತಾಯವಿಲ್ಲ.

ಮರುಪಾವತಿಯ ಅರ್ಜಿ ಆರ್‌ಎಫ್‌ಡಿ-01. ಹಡಗು ಅಥವಾ ವಿಮಾನ ದೇಶ ಬಿಟ್ಟ ದಿನದಿಂದ ಎರಡು ವರ್ಷ ಗಡುವು. ಪೂರ್ಣ ಅರ್ಜಿ ಸ್ವೀಕೃತವಾದ 60 ದಿನಗಳಲ್ಲಿ ಆದೇಶವಾಗಬೇಕು. ತಡವಾದರೆ ವಾರ್ಷಿಕ ಶೇ. 6ರ ಬಡ್ಡಿ ಸಲ್ಲುತ್ತದೆ. ರಫ್ತಿನ ಹಣ ರಿಸರ್ವ್ ಬ್ಯಾಂಕ್ ವಿಧಿಸಿದ ಅವಧಿಯೊಳಗೆ ಬಾರದಿದ್ದರೆ ಪಡೆದ ಮರುಪಾವತಿಯನ್ನು ಬಡ್ಡಿಯೊಡನೆ ಹಿಂದಿರುಗಿಸಬೇಕಾದೀತು. ಆದುದರಿಂದ ಬ್ಯಾಂಕಿನ ಜಮಾ ಪ್ರಮಾಣಪತ್ರವನ್ನೂ ಅದೇ ಕಡತದಲ್ಲಿ ಸೇರಿಸಿಡಿ.