ಬಾನು ಸಿಕ್ಕರೆ ನೆಲ ಕಪ್ಪು

ಬೆಳಗಿನ ಆರಕ್ಕೆ ಮೊದಲೇ ಹಂಪಿಯ ಮಾತಂಗ ಬೆಟ್ಟದ ನೆತ್ತಿಯ ಮೇಲೆ ನಾಲ್ಕಾರು ಟ್ರೈಪಾಡುಗಳು ಕಾಲೂರಿ ನಿಂತಿರುತ್ತವೆ. ಮೂಡಣ ಕೆಂಪೇರುತ್ತಿದ್ದರೂ ಕೆಳಗಿನ ಅಚ್ಯುತರಾಯ ದೇವಸ್ಥಾನದ ಪ್ರಾಕಾರ, ಸುತ್ತಲ ಗುಂಡುಬಂಡೆಗಳು ಇನ್ನೂ ನೆರಳಲ್ಲೇ ಇರುತ್ತವೆ. ಕಣ್ಣಿಗೆ ಎರಡೂ ಕಾಣುತ್ತವೆ, ಕ್ಯಾಮೆರಾಕ್ಕೆ ಹಾಗಲ್ಲ. ಆಕಾಶದ ಬಣ್ಣ ಉಳಿಯುವಂತೆ ತೆಗೆದರೆ ಬಂಡೆಗಳು ಇದ್ದಿಲಾಗುತ್ತವೆ. ಬಂಡೆಯ ಮೈ ಕಾಣುವಂತೆ ತೆಗೆದರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತದೆ. ಭೂದೃಶ್ಯ ಛಾಯಾಗ್ರಹಣದ ಸುಮಾರು ಇನ್ನೂರು ವರ್ಷಗಳ ಚರಿತ್ರೆಯನ್ನು ಬಾನು ಮತ್ತು ನೆಲದ ನಡುವಿನ ಈ ವ್ಯಾಜ್ಯದ ಚರಿತ್ರೆಯೆಂದೇ ಓದಬಹುದು. ರಾಜಿ ಮಾಡಿಸಲು ಪ್ರತಿ ಪೀಳಿಗೆಯೂ ಹೊಸ ಉಪಾಯ ಹೂಡಿತು.

ಬೋಳು ಆಕಾಶದ ಕಾಲ

ಉಳಿದು ಬಂದಿರುವ ಅತಿ ಹಳೆಯ ಛಾಯಾಚಿತ್ರವೇ ಒಂದು ಹೊರಾಂಗಣ ನೋಟ. ಫ್ರಾನ್ಸಿನ ಜೋಸೆಫ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ, ಡಾಂಬರಿನಂಥ ಪದಾರ್ಥ ಸವರಿದ ಲೋಹದ ತಗಡಿನ ಮೇಲೆ ಅದನ್ನು ಮೂಡಿಸಿದ. ಬೆಳಕು ಬೀಳಬೇಕಾದ ಅವಧಿ ಎಷ್ಟು ದೀರ್ಘವಾಗಿತ್ತೆಂದರೆ ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಅಂಗಳದ ಎರಡೂ ಬದಿಯ ಗೋಡೆಗಳನ್ನು ಬೆಳಗಿಬಿಟ್ಟಿದ್ದ. ಯಾವ ಒಂದು ಗಳಿಗೆಗೂ ಸೇರದ ಬೆಳಕು ಅದು.

ಅವಧಿ ನಿಮಿಷಗಳಿಗೆ ಇಳಿದಾಗ ಇನ್ನೊಂದು ತೊಡಕು ಎದ್ದಿತು. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಹಸಿರು ಮತ್ತು ಕೆಂಪಿಗೆ ಬಹುಮಟ್ಟಿಗೆ ಕುರುಡು. ಮರಗಿಡ ಮೂಡುವಷ್ಟು ಹೊತ್ತು ಕಾದರೆ ನೀಲಿ ಬಾನು ಪೂರ್ತಿ ಬೆಳ್ಳಗಾಗುತ್ತಿತ್ತು. ಈ ಮಿತಿಯೊಳಗೇ ಕ್ಯಾಮೆರಾ ಕನ್ನಡ ನಾಡಿಗೂ ಬಂತು. 1854ರ ಕೊನೆಯಲ್ಲಿ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಟ್ರೈಪ್‌ನಿಗೆ ಬೋಳು ಆಕಾಶ ಹಿಡಿಸದಿದ್ದಾಗ ಕುಂಚ ಕೈಗೆತ್ತಿಕೊಂಡು ನೆಗೆಟಿವ್ ಮೇಲೆ ಮೋಡ ಬರೆದದ್ದೂ ಉಂಟು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಕಡಲ ಚಿತ್ರಗಳಲ್ಲಿ ಬೇರೆ ದಾರಿ ಹಿಡಿದ. ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು; ಎರಡನ್ನೂ ದಿಗಂತದ ಗೆರೆಯಲ್ಲಿ ಬೆಸೆದು ಒಂದೇ ಕಾಗದಕ್ಕೆ ಇಳಿಸಿದ. ನೋಡಿದವರು ದಂಗಾದರು. ಅವನ ಒಂದೇ ಮೋಡದ ರಾಶಿ ಒಂದಕ್ಕಿಂತ ಹೆಚ್ಚು ಕಡಲುಗಳ ಮೇಲೆ ಕಾಣಿಸಿಕೊಂಡಿತು. ಎರವಲು ಆಕಾಶದ ಕಥೆ ಇಲ್ಲಿಂದ ಶುರು.

ಹೊರೆ ಹೊತ್ತ ಬೆಳಕು

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನ ಗಾಜಿನ ಮೇಲೆ ಕೂದಲೆಳೆಯಷ್ಟು ಸ್ಪಷ್ಟ ಚಿತ್ರ ಕೊಡುತ್ತಿತ್ತು. ಆದರೆ ಲೇಪ ಒಣಗುವ ಮುನ್ನವೇ ಫೋಟೊ ತೆಗೆದು ತೊಳೆಯಬೇಕು. ಅಂದರೆ ಹೋದಲ್ಲೆಲ್ಲ ಕತ್ತಲಕೋಣೆಯ ಗುಡಾರ, ಗಾಜು, ರಾಸಾಯನಿಕ, ನೀರು. ಇಂಗ್ಲೆಂಡಿನ ಬ್ಯಾಂಕ್ ಗುಮಾಸ್ತನಾಗಿದ್ದ ಸ್ಯಾಮ್ಯುಯಲ್ ಬೋರ್ನ್ 1863ರಲ್ಲಿ ಭಾರತಕ್ಕೆ ಬಂದು, ಕೂಲಿಗಳ ದಂಡಿನೊಂದಿಗೆ ಮೂರು ಸಲ ಹಿಮಾಲಯ ಹೊಕ್ಕ. 1866ರಲ್ಲಿ ಸುಮಾರು 18,600 ಅಡಿ ಎತ್ತರದ ಮನಿರಂಗ್ ಕಣಿವೆಮಾರ್ಗದಲ್ಲಿ ಫೋಟೊ ತೆಗೆದ. ಚಿತ್ರಗಳಿಗೆ ಅವನ ಹೆಸರು ಬಂತು. ಆ ಗಾಜುಗಳನ್ನು ಬೆನ್ನ ಮೇಲೆ ಹೊತ್ತವರ ಹೆಸರು ಬರಲಿಲ್ಲ. ಬೋರ್ನ್‌ನ ಕಣ್ಣಿನಲ್ಲಿ ತನ್ನೂರಿನ ಅಳತೆಗೋಲಿತ್ತು. ಕೆರೆ, ಮರ, ತಿರುವಿನ ಹಾದಿ ಇದ್ದಲ್ಲಿ ಅವನಿಗೆ ಚಿತ್ರ ಸಿಗುತ್ತಿತ್ತು. ಬರಿಯ ಬೃಹತ್ ಶಿಖರಗಳ ಮುಂದೆ ತಡಕಾಡುತ್ತಿದ್ದ.

ಅದೇ ಕಾಲಕ್ಕೆ ಅಮೆರಿಕದ ಕಾರ್ಲ್‌ಟನ್ ವಾಟ್ಕಿನ್ಸ್ 18×22 ಇಂಚಿನ ಗಾಜು ಹಿಡಿಸುವ ಕ್ಯಾಮೆರಾ ಮಾಡಿಸಿಕೊಂಡು 1861ರಲ್ಲಿ ಯೊಸೆಮಿಟಿ ಕಣಿವೆಗಿಳಿದ. ಮೂರು ವರ್ಷದ ಬಳಿಕ ಆ ಕಣಿವೆಯನ್ನು ಸಾರ್ವಜನಿಕರಿಗೆ ಕಾದಿರಿಸುವ ಕಾಯಿದೆಗೆ ಲಿಂಕನ್ ಸಹಿ ಹಾಕಿದ. ಅದಕ್ಕೆ ಒಲವು ಮೂಡಿಸಿದವುಗಳಲ್ಲಿ ಈ ಚಿತ್ರಗಳೂ ಸೇರಿವೆ. 1871ರಲ್ಲಿ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಯೆಲ್ಲೊಸ್ಟೋನ್ ಚಿತ್ರಗಳ ಬೆನ್ನಿಗೇ 1872ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಹುಟ್ಟಿತು. ನಿಸರ್ಗದ ಫೋಟೊಕ್ಕೆ ಸಾಕ್ಷಿ ಹೇಳುವ ಕೆಲಸವೂ ಹೀಗೆ ಅಂಟಿಕೊಂಡಿತು.

ಕೆಂಪು ಫಿಲ್ಟರಿನ ಪಾಠ

1873ರಲ್ಲಿ ಜರ್ಮನಿಯ ಹೆರ್ಮಾನ್ ಫೋಗೆಲ್, ಲೇಪಕ್ಕೆ ವರ್ಣದ್ರವ್ಯ ಬೆರೆಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆಂದು ಕಂಡುಕೊಂಡ. ಮುಂದೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟುಗಳು ಬಂದವು. ಆಮೇಲೆ ಫಿಲ್ಟರಿಗೆ ಅರ್ಥ ಬಂತು.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ನಿಂತಾಗ ಕೈಯಲ್ಲಿದ್ದುದು ಎರಡೇ ಪ್ಲೇಟು. ಹಳದಿ ಫಿಲ್ಟರ್ ಹಾಕಿ ಒಂದನ್ನು ಮುಗಿಸಿದ ಮೇಲೆ, ಆಕಾಶ ಸಪ್ಪೆಯಾಗುತ್ತದೆ, ತನಗಾದ ಬೆರಗು ಅದರಲ್ಲಿ ಇರುವುದಿಲ್ಲ ಎಂದು ಹೊಳೆಯಿತು. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದ. ನೀಲಿಯನ್ನು ತಡೆದ ಕೆಂಪು, ಬಾನನ್ನು ಕಪ್ಪಾಗಿಸಿ ಬಂಡೆಯನ್ನು ಮುಂದಕ್ಕೆ ತಳ್ಳಿತು. ಬಟನ್ ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣಬೇಕೆಂಬ ಅವನ ತತ್ವದ ಬೇರು ಇಲ್ಲಿದೆ. 1940ರ ಸುಮಾರಿಗೆ ಫ್ರೆಡ್ ಆರ್ಚರ್ ಜೊತೆ ಸೇರಿ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಹನ್ನೊಂದು ಮೆಟ್ಟಿಲಾಗಿ ವಿಂಗಡಿಸಿದ ‘ಜೋನ್ ಸಿಸ್ಟಮ್’ ಆ ತತ್ವದ ಲೆಕ್ಕಪುಸ್ತಕ.

ಆಡಮ್ಸ್‌ಗೆ ಲೆಕ್ಕದ ಸಲಕರಣೆ ಕೈಕೊಟ್ಟ ದಿನವೂ ಇತ್ತು. 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರುತ್ತಿದ್ದ, ಸ್ಮಶಾನದ ಶಿಲುಬೆಗಳ ಮೇಲೆ ಇಳಿಬಿಸಿಲಿತ್ತು. ಬೆಳಕು ಅಳೆಯುವ ಮೀಟರು ಸಿಗಲಿಲ್ಲ. ಚಂದ್ರನ ಹೊಳಪಿನ ಅಂಕಿಯೊಂದನ್ನು ನೆನಪಿಸಿಕೊಂಡು, ಅದರ ಅಂದಾಜಿನಲ್ಲಿ ಒಂದು ಫೋಟೊ ತೆಗೆದ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಮೊದಲ ಪ್ರಿಂಟುಗಳಲ್ಲಿ ತಿಳಿಯಾಗಿದ್ದ ಆಕಾಶವನ್ನು ಮುಂದಿನ ದಶಕಗಳಲ್ಲಿ ಡಾರ್ಕ್‌ರೂಮಿನಲ್ಲಿ ಕಪ್ಪಾಗಿಸುತ್ತ ಹೋದವನೂ ಅವನೇ. ಕ್ಷಣಕ್ಕಾಗಿ ಕಾದವನು ಆಕಾಶವನ್ನು ಇದ್ದಂತೆ ಬಿಡಲಿಲ್ಲ.

ಬಣ್ಣ, ಓಟ ಮತ್ತು ಒಂದು ನದಿ

1935ರ ಕೊಡಾಕ್ರೋಮ್‌ನಿಂದ 1990ರ ಫ್ಯೂಜಿ ವೆಲ್ವಿಯಾವರೆಗೆ ಬಣ್ಣದ ಸ್ಲೈಡ್ ಫಿಲ್ಮ್ ಬಂದು ಹಳೆಯ ವ್ಯಾಜ್ಯವನ್ನು ಹೆಚ್ಚಿಸಿತು. ಅದರ ತಾಳಿಕೆ ತೀರ ಕಿರಿದು. ಎಕ್ಸ್‌ಪೋಷರ್ ಸ್ವಲ್ಪ ತಪ್ಪಿದರೂ ಕೆಟ್ಟಿತು. ಬಿಸಿಲು ಓರೆಯಾಗಿ, ಮೆತ್ತಗಾಗಿ ಬೀಳುವ ಮುಂಜಾನೆ, ಮುಸ್ಸಂಜೆಗಳಿಗೆ ಛಾಯಾಗ್ರಾಹಕರು ಜೋತುಬಿದ್ದದ್ದಕ್ಕೆ ಸೌಂದರ್ಯದಷ್ಟೇ ಇದೂ ಕಾರಣ. ಪರ್ವತಾರೋಹಿ ಗೇಲನ್ ರೋವೆಲ್ ಮೇಲರ್ಧ ಮಸುಕು, ಕೆಳಗರ್ಧ ತಿಳಿಯಾಗಿರುವ ಫಿಲ್ಟರುಗಳ ಬಳಕೆಗೆ ಹೆಸರಾದರು. ಬಾನಿಗೆ ಹಾಕಿದ ತಂಪು ಕನ್ನಡಕ ಅದು. 1981ರಲ್ಲಿ ಲ್ಹಾಸಾದಲ್ಲಿ ಕಾಮನಬಿಲ್ಲಿನ ಬುಡವನ್ನು ಪೋತಾಲ ಅರಮನೆಯ ಮೇಲೆ ತಂದು ನಿಲ್ಲಿಸಲು ಅವರು ಆ ಎತ್ತರದ ತೆಳುಗಾಳಿಯಲ್ಲಿ ಓಡಿದರು.

ಸಾಕ್ಷಿ ಹೇಳುವ ಕೆಲಸವೂ ಮುಂದುವರಿಯಿತು. ಟ್ಯಾಸ್ಮೇನಿಯಾದ ಫ್ರಾಂಕ್ಲಿನ್ ನದಿಗೆ ಅಣೆಕಟ್ಟು ಕಟ್ಟುವ ವಿವಾದ ನಡೆದಾಗ, ಪೀಟರ್ ಡೊಂಬ್ರೊವ್‌ಸ್ಕಿಸ್ ತೆಗೆದ ಮಂಜು ಮುಸುಕಿದ ನದಿತಿರುವಿನ ಚಿತ್ರ 1983ರ ಆಸ್ಟ್ರೇಲಿಯಾ ಚುನಾವಣೆಯಲ್ಲಿ ಪತ್ರಿಕಾ ಜಾಹೀರಾತಾಯಿತು. ಸರಕಾರ ಬದಲಾಯಿತು, ಅಣೆಕಟ್ಟಿನ ಯೋಜನೆ ನಿಂತುಹೋಯಿತು.

ಎಲ್ಲರೂ ಇದೇ ಹಾದಿಯಲ್ಲಿರಲಿಲ್ಲ. 1975ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ನಡೆದ ‘ನ್ಯೂ ಟೋಪೋಗ್ರಾಫಿಕ್ಸ್’ ಪ್ರದರ್ಶನದಲ್ಲಿ ರಾಬರ್ಟ್ ಆಡಮ್ಸ್ ಮತ್ತಿತರರು ಹೊಸ ಬಡಾವಣೆಗಳನ್ನು, ವಾಹನ ನಿಲುಗಡೆಗಳನ್ನು ಯಾವ ಅಲಂಕಾರವೂ ಇಲ್ಲದ ಬೆಳಕಿನಲ್ಲಿ ತೋರಿಸಿದರು. ಚೆಂದದ ಬೆಳಕು ಮುಚ್ಚಿಡುವ ನೆಲವೂ ಇದೆ ಎಂಬುದು ಅವರ ತಕರಾರು.

ಮತ್ತೆ ಎರವಲು ಆಕಾಶ

1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಬೇರೆ ಬೇರೆ ಎಕ್ಸ್‌ಪೋಷರಿನ ಹಲವು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿಸುವ ಕ್ರಮವನ್ನು ಮಂಡಿಸಿದರು. ಇಂದು ಜೇಬಿನ ಫೋನು ಈ ಬಗೆಯ ಕೆಲಸವನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಬಾನು, ನೆಲ ಎರಡೂ ಸಿಗುತ್ತವೆ. ವ್ಯಾಜ್ಯ ತೀರಿತು ಅನ್ನುವಾಗಲೇ, 2020ರ ಅಕ್ಟೋಬರಿನಲ್ಲಿ ಫೋಟೊಶಾಪ್ ಆಕಾಶವನ್ನೇ ಬದಲಿಸುವ ಸೌಲಭ್ಯ ಕೊಟ್ಟಿತು. ಮೋಡವಿಲ್ಲದ ಮಧ್ಯಾಹ್ನಕ್ಕೆ ಒಂದು ಕ್ಲಿಕ್‌ನಲ್ಲಿ ಸೂರ್ಯಾಸ್ತ.

ಲ ಗ್ರೇ ಮಾಡಿದ್ದೂ ಅದೇ ಅಲ್ಲವೇ? ಕೈಚಳಕ ಅದೇ, ಕಾರಣ ಬೇರೆ. ಕಣ್ಣು ಕಂಡದ್ದನ್ನು ಗಾಜು ಹಿಡಿಯದಿದ್ದಾಗ ಅವನು ಆಕಾಶ ಬೆಸೆದ. ಆ ಮೋಡಗಳನ್ನೂ ತಾನೇ ಎಲ್ಲೋ ನಿಂತು ನೋಡಿದ್ದ. ಈಗ ಯಂತ್ರ ಎಲ್ಲವನ್ನೂ ಹಿಡಿಯುತ್ತದೆ, ಯಾರೂ ಎಲ್ಲೂ ನಿಲ್ಲಬೇಕಾಗಿಲ್ಲ. ಇನ್ನೂರು ವರ್ಷ ತಂತ್ರದ ಕೊರತೆ ಛಾಯಾಗ್ರಾಹಕನನ್ನು ಬಯಲಲ್ಲಿ ಕಾಯಿಸಿತು. ಆ ಕೊರತೆ ನೀಗಿದ ಮೇಲೆ ಕಾಯುವುದು ಅವನ ಆಯ್ಕೆ. ಹಂಪಿಯಲ್ಲಿ ಮೋಡ ಕವಿದು ಸೂರ್ಯ ಕಾಣಿಸದ ಬೆಳಗುಗಳಲ್ಲಿ ಟ್ರೈಪಾಡು ಮಡಚಿ, ಕಲ್ಲುಮೆಟ್ಟಿಲು ಇಳಿಯುತ್ತ, ನಾಳೆ ಎಷ್ಟು ಹೊತ್ತಿಗೆ ಹತ್ತೋಣ ಎಂದು ಕೇಳುವವರು ಈಗಲೂ ಇದ್ದಾರೆ.