ಗಡಿ ಮುಚ್ಚಿದ ವರ್ಷ

ಘಾಜಿಯಾಬಾದಿಗೆ ನಮ್ಮ ಮನೆಯವರನ್ನು ಕರೆತಂದದ್ದು ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಕಂಪನಿ ತನ್ನ ಎರಡನೇ ಘಟಕವನ್ನು 1974ರಲ್ಲಿ ಇಲ್ಲಿ ತೆರೆಯಿತು, ರಾಡಾರ್ ಕೆಲಸಕ್ಕೆಂದು. ಆಗ ಇದಿನ್ನೂ ಮೀರತ್ ಜಿಲ್ಲೆಯ ಒಂದು ತಹಸೀಲು. ಜಿಲ್ಲೆಯಾದದ್ದು 1976ರ ನವೆಂಬರಿನಲ್ಲಿ. ಅಪ್ಪ ಬೆಂಗಳೂರಿನ ಜಾಲಹಳ್ಳಿಯಿಂದ ವರ್ಗವಾಗಿ ಬಂದರು.

ಚರಿತ್ರೆ ಅಪ್ಪನ ಹಾಜರಿಯನ್ನಷ್ಟೇ ಬರೆದಿಟ್ಟಿದೆ. ಅಮ್ಮ ಬೆಳಿಗ್ಗೆ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು, ಮಧ್ಯಾಹ್ನ ಸಾರಿನ ಪುಡಿ ಹುರಿದು ಪೊಟ್ಟಣ ಕಟ್ಟುತ್ತಿದ್ದಳು, ಸಂಜೆ ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಮೂರಕ್ಕೂ ಬೇರೆ ಬೇರೆ ಪುಟ. ಬಾಕಿ ತೀರಿದವರ ಹೆಸರಿನ ಮೇಲೆ ಕೆಂಪು ಗೀಟು.

2020ರಲ್ಲಿ ನನಗೂ ಅಂಥದೇ ಪುಟಗಳು ಬೇಕಾದವು. ಮಾರ್ಚ್ 25ಕ್ಕೆ ಲಾಕ್‌ಡೌನ್. ಮೂರೇ ದಿನದಲ್ಲಿ ದಿಲ್ಲಿ ಗಡಿಯ ಆನಂದ ವಿಹಾರ, ಕೌಶಾಂಬಿಯ ಬಸ್ ನಿಲ್ದಾಣಗಳ ಸುತ್ತ ಊರಿಗೆ ಹೊರಟ ಕೂಲಿಕಾರರ ಜಾತ್ರೆ. ಏಪ್ರಿಲಿನಲ್ಲಿ ಜಿಲ್ಲಾಡಳಿತ ದಿಲ್ಲಿಯ ಗಡಿ ಮುಚ್ಚಿತು; ಮೇ ಕೊನೆಗೆ ಮತ್ತೊಮ್ಮೆ. ದಿಲ್ಲಿಯಲ್ಲಿದ್ದ ನನ್ನ ಶಾಲೆ ಸಂಬಳ ಅರ್ಧ ಮಾಡಿತು. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಪಾಠ ಮಾಡಿದೆ, ರಾತ್ರಿ ಒಬ್ಬ ವ್ಯಾಪಾರಿಯ ಜಿಎಸ್‌ಟಿ ಲೆಕ್ಕ ಬರೆದೆ, ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಇಡ್ಲಿ ಹಿಟ್ಟು ರುಬ್ಬಿಕೊಟ್ಟೆ. ಅತ್ತೆಯ ಔಷಧಿ, ಮಗನ ಆನ್‌ಲೈನ್ ಕ್ಲಾಸು ಬೇರೆ. (ಗಂಡ ಪಾತ್ರೆ ತೊಳೆಯಲು ಕಲಿತದ್ದು ಆಗಲೇ, ದಾಖಲಾಗಲಿ.)

ಪತ್ರಿಕೆಗಳು ಮನೆಯಿಂದ ಕೆಲಸ ಮಾಡುವುದನ್ನು ಹೊಸ ಯುಗ ಎಂದವು. ನನಗೆ ಒಪ್ಪಿಗೆಯಿಲ್ಲ, ಆ ಯುಗ ನಮ್ಮ ಕಾಲೊನಿಯ ಅಡುಗೆಮನೆಗಳಲ್ಲಿ ಎಂದೋ ಶುರುವಾಗಿತ್ತು.

ನಿಮ್ಮ ಮನೆಯಲ್ಲೂ ಅಂಥ ಲೆಕ್ಕದ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.