ಸುರಿಗೆ, ಕಠಾರಿ, ಕುಲುಮೆ: ತುಮಕೂರು ಸೀಮೆಯ ಕಾಳಗದ ಕಿರುಗತ್ತಿಗಳ ರಚನೆಯನ್ನು ಕುರಿತು

ಕರ್ನಾಟಕದ ಯುದ್ಧೇತಿಹಾಸವನ್ನು ಕುರಿತ ನಮ್ಮ ಬರೆವಣಿಗೆಗಳಲ್ಲಿ ಆನೆ, ಕುದುರೆ, ಕೋಟೆ, ಫಿರಂಗಿಗಳಿಗೆ ದೊರೆತಷ್ಟು ಸ್ಥಳ ಸೊಂಟದ ಕತ್ತಿಗೆ ದೊರೆತಿಲ್ಲ. ಬಿಲ್ಲು ಮುರಿದ ಮೇಲೆ, ಈಟಿ ಕೈತಪ್ಪಿದ ಮೇಲೆ, ಎದುರಾಳಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂದ ಮೇಲೆ ಪ್ರಾಣವನ್ನು ಕಾಯುತ್ತಿದ್ದುದು ಒಂದು ಗೇಣುದ್ದದ ಅಲಗು. ಅದನ್ನು ಕಟ್ಟಿಕೊಂಡವನ ಹೆಸರು ಶಾಸನಗಳಲ್ಲಿ ಕೆಲವೊಮ್ಮೆ ಉಳಿದಿದೆ, ಅದನ್ನು ಕೆತ್ತಿದ ಶಿಲ್ಪಿಯ ಹೆಸರೂ ಅಪರೂಪಕ್ಕೆ ಉಳಿದಿದೆ. ಅದನ್ನು ಬಡಿದು ರೂಪಿಸಿದ ಕಮ್ಮಾರನ ಹೆಸರು ಮಾತ್ರ ಉಳಿದಿಲ್ಲವೆಂದೇ ಹೇಳಬೇಕು. ಈ ಪ್ರಬಂಧದಲ್ಲಿ ತುಮಕೂರು, ಗುಬ್ಬಿ, ಕುಣಿಗಲು ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು, ಕಾಳಗಕ್ಕೆಂದೇ ರೂಪಿಸಿದ ಕಿರುಗತ್ತಿಗಳ ಹಿಂದೆ ಯಾವ ಬಗೆಯ ರಚನಾವಿವೇಕ ಕೆಲಸ ಮಾಡಿತ್ತೆಂಬುದನ್ನು ಕಲ್ಲು, ಕಬ್ಬಿಣ ಮತ್ತು ಮಾತು ಎಂಬ ಮೂರು ಬಗೆಯ ಸಾಕ್ಷ್ಯಗಳಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಮೊದಲು ಮಾತನ್ನೇ ನೋಡಬಹುದು. ಸುರಿಗೆ, ಕಠಾರಿ, ಚೂರಿ, ಬಾಕು, ಜಂಬಿಯ, ಕಿರುಗತ್ತಿ ಎಂದು ಕನ್ನಡದಲ್ಲಿ ಕಿರಿಯ ಅಲಗಿಗೆ ಹಲವು ಹೆಸರುಗಳಿವೆ. ಸುರಿಗೆ ಎಂಬುದು ಸಂಸ್ಕೃತದ ಛುರಿಕಾ ಶಬ್ದದ ತದ್ಭವ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುರಿಗೆಯ ಚೌಡಯ್ಯನೆಂಬ ಶರಣನೊಬ್ಬನಿದ್ದಾನೆ. ಆಯುಧದಿಂದಲೇ ಒಬ್ಬನನ್ನು ಗುರುತಿಸುವಷ್ಟು ಅದು ಜನಜೀವನದಲ್ಲಿ ಬಳಕೆಯಾಗಿತ್ತೆಂಬುದಕ್ಕೆ ಇಷ್ಟು ಸಾಕು. ವಿಜಯನಗರವನ್ನಾಳಿದ ಸಾಳುವ ಅರಸರು ‘ಕಠಾರಿ ಸಾಳುವ’ ಎಂಬ ಬಿರುದನ್ನು ಧರಿಸಿದ್ದರು. ಜಂಬಿಯವು ಅರಬ್ಬರ ಕಡೆಯಿಂದ ಬಂದ ಮಾತು, ಅದರೊಡನೆ ಬಾಗಿದ ಅಲಗೂ ಬಂದಿತು. ಹೀಗೆ ಪ್ರತಿಯೊಂದು ಹೆಸರಿನ ಹಿಂದೆ ಒಂದು ಆಕಾರವಿದೆ. ನಮ್ಮ ನಿಘಂಟುಗಳು ಮಾತ್ರ ಇವೆಲ್ಲಕ್ಕೂ ‘ಒಂದು ಬಗೆಯ ಆಯುಧ’ ಎಂಬಂತಹ ಅರ್ಥವನ್ನು ಕೊಟ್ಟು ಮುಂದೆ ಸಾಗುವುದುಂಟು.

ಕಲ್ಲಿನ ಸಾಕ್ಷ್ಯ ಇದಕ್ಕಿಂತ ಹೆಚ್ಚು ಸ್ಪಷ್ಟ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಗೆ ಮೀಸಲಾದುದು. ತುರುಗೋಳು, ಊರಳಿವು, ಪೆಣ್ಬುಯ್ಯಲುಗಳಲ್ಲಿ ಮಡಿದವರ ವೀರಗಲ್ಲುಗಳು ಈ ಜಿಲ್ಲೆಯ ಕೆರೆಯ ಏರಿಗಳ ಮೇಲೆ, ಗುಡಿಗಳ ಮುಂದೆ, ಹೊಲದ ಬದುಗಳಲ್ಲಿ ಇಂದಿಗೂ ನಿಂತಿವೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳುಳ್ಳ ಈ ಕಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಶಾಸನಪಾಠದ ಮೇಲೆ ಕಣ್ಣಿಟ್ಟ ವಿದ್ವಾಂಸರು ಕೆಳಗಿನ ಪಟ್ಟಿಕೆಯನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ನಮಗೆ ಬೇಕಾದುದು ಅಲ್ಲಿಯೇ ಇದೆ.

ದೂರದ ಕಾಳಗದ ಕಲ್ಲುಗಳಲ್ಲಿ ಬಿಲ್ಲು, ಈಟಿ, ಖಡ್ಗ, ಗುರಾಣಿಗಳು ಪ್ರಧಾನ. ಕಿರುಗತ್ತಿ ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡ ಸ್ಥಿತಿಯಲ್ಲಿರುತ್ತದೆ. ಹುಲಿ ಹಂದಿಗಳೊಡನೆ ಹೋರಿದವರ ಕಲ್ಲುಗಳಲ್ಲಿ ಅದು ಒರೆಯಿಂದ ಹೊರಬಂದು ಕೈಗೆ ಬರುತ್ತದೆ. ಹೊಯ್ಸಳರ ಲಾಂಛನವನ್ನೂ ಇಲ್ಲಿ ನೆನೆಯಬಹುದು. ಸಳನು ಹುಲಿಯನ್ನು ಹೊಯ್ದುದು ಸೆಳೆಯಿಂದ ಎಂದು ಕಥೆ ಹೇಳುತ್ತದೆ. ಶಿಲ್ಪಿಗಳು ಮಾತ್ರ ಹಲವೆಡೆ ಅವನ ಕೈಯಲ್ಲಿ ಚುಚ್ಚುವ ಕಿರಿಯ ಅಲಗನ್ನೇ ಇರಿಸಿದ್ದಾರೆ. ಮೈಮೇಲೆ ಎರಗಿದ ಮೃಗವನ್ನು ಯಾವುದರಿಂದ ಎದುರಿಸಬೇಕೆಂಬುದು ಕಥೆಗಾರನಿಗಿಂತ ಶಿಲ್ಪಿಗೆ ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ. ವಿಜಯನಗರ ಹಾಗೂ ಪಾಳೆಯಗಾರರ ಕಾಲದ ವೀರಗಲ್ಲು, ಮಾಸ್ತಿಕಲ್ಲುಗಳಲ್ಲಿ ಪುರುಷನ ಸೊಂಟದಲ್ಲಿ ಕಠಾರಿ ಕಾಣಿಸಿಕೊಳ್ಳುತ್ತದೆ.

ಈ ಕಠಾರಿಯ ರಚನೆ ವಿಶೇಷ ಪರಿಶೀಲನೆಗೆ ಯೋಗ್ಯವಾದುದು. ಬೇರೆ ಕತ್ತಿಗಳಲ್ಲಿ ಹಿಡಿಯು ಅಲಗಿನ ನೇರಕ್ಕೆ ಮುಂದುವರಿಯುತ್ತದೆ. ಕಠಾರಿಯಲ್ಲಾದರೋ ಹಿಡಿಯು ಅಲಗಿಗೆ ಅಡ್ಡವಾಗಿರುತ್ತದೆ. ಎರಡು ಸಮಾನಾಂತರ ಕಂಬಿಗಳ ನಡುವೆ ಒಂದೋ ಎರಡೋ ಅಡ್ಡಪಟ್ಟಿಗಳು. ಮುಷ್ಟಿ ಕಟ್ಟಿ ಅದನ್ನು ಹಿಡಿದರೆ ಅಲಗು ಗೆಣ್ಣುಗಳ ಮುಂದಕ್ಕೆ ಚಾಚಿಕೊಳ್ಳುತ್ತದೆ, ಪಕ್ಕದ ಕಂಬಿಗಳು ಮಣಿಕಟ್ಟಿನ ಎರಡೂ ಬದಿಗೆ ಬಂದು ಕೂರುತ್ತವೆ. ಗುದ್ದಿನ ಬಲವೆಲ್ಲ ತೋಳಿನಿಂದ ನೇರವಾಗಿ ಮೊನೆಗೆ ಹರಿಯುತ್ತದೆ. ಮಣಿಕಟ್ಟು ತಿರುಚಿಕೊಳ್ಳುವ ಭಯ ಕಡಮೆ. ಉಕ್ಕಿನ ಬಳೆಗಳ ಕವಚವನ್ನು ತೂರಬೇಕಾದಾಗ ಮೊನೆಯನ್ನು ದಪ್ಪವಾಗಿ ಬಿಡುತ್ತಿದ್ದರು. ದಕ್ಷಿಣದ ಕಠಾರಿಗಳಲ್ಲಿ ಕೈಯ ಬೆನ್ನನ್ನು ಮುಚ್ಚುವ ಲೋಹದ ಹೊದಿಕೆಯುಳ್ಳವೂ ಇವೆ. ಇದರ ದೋಷವೂ ಅಷ್ಟೇ ಸ್ಪಷ್ಟ: ಚುಚ್ಚಲು ಇದಕ್ಕೆ ಸಮನಾದುದಿಲ್ಲ, ಬೀಸಿ ಕಡಿಯಲು ಇದು ಒದಗದು. ಕೊಡಗಿನ ಒಡಿಕತ್ತಿ ಇದಕ್ಕೆ ನೇರ ವಿರುದ್ಧ. ಅಗಲವಾಗಿ ಮುಂದಕ್ಕೆ ಬಾಗಿದ ಅದರ ಅಲಗು ಕಾಡು ಸವರುವುದಕ್ಕೂ ತಲೆ ಕಡಿಯುವುದಕ್ಕೂ ಒಂದೇ ಸಮನೆ ಒಗ್ಗುತ್ತದೆ. ಬಯಲುಸೀಮೆಯ ಸೈನಿಕನ ಅಗತ್ಯವೇ ಬೇರೆ, ಮಲೆನಾಡಿಗನ ಅಗತ್ಯವೇ ಬೇರೆ.

ಹಿಡಿಯ ಕಂಬಿಗಳ ನಡುವಣ ಅಂತರವು ಧರಿಸುವವನ ಮುಷ್ಟಿಗೆ ತಕ್ಕಂತೆ ಇರದಿದ್ದರೆ ಕಠಾರಿ ಕೈಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೈಯ ಅಳತೆಯನ್ನು ನೋಡದೆ ಮಾಡಿದ ಕಠಾರಿ ಅಲಂಕಾರಕ್ಕೆ ಮಾತ್ರ. ಆದುದರಿಂದ ಬಳಕೆಯ ಒಳ್ಳೆಯ ಕಠಾರಿಯು ಕಮ್ಮಾರನೂ ಧರಿಸುವವನೂ ಎದುರುಬದುರು ಕುಳಿತು ತೀರ್ಮಾನಿಸಿದ ವಸ್ತುವಾಗಿರಬೇಕೆಂಬುದು ನಮ್ಮ ಅಭಿಪ್ರಾಯ.

ಅಲಗಿನ ಅಳತೆಗೆ ಶಾಸ್ತ್ರದ ಆಧಾರವೂ ಇತ್ತು. ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣ ಅಧ್ಯಾಯವು ಉತ್ತಮ ಖಡ್ಗಕ್ಕೆ 50 ಅಂಗುಲ, ಕನಿಷ್ಠಕ್ಕೆ 25 ಅಂಗುಲಗಳನ್ನು ವಿಧಿಸುತ್ತದೆ. ಬೆಸ ಅಂಗುಲದ ಸ್ಥಾನದಲ್ಲಿ ಕಾಣುವ ಕಲೆಯನ್ನು ಅಶುಭವೆನ್ನುತ್ತದೆ. ಶಕುನದ ಮಾತನ್ನು ಬದಿಗಿರಿಸಿದರೂ, ಅಲಗಿನ ಮೇಲಿನ ಕಲೆಯೆಂದರೆ ಹಲವು ವೇಳೆ ಒಳಗಿನ ಬಿರುಕಿನ ಅಥವಾ ಸರಿಯಾಗಿ ಬೆಸೆಯದ ಪದರದ ಸೂಚನೆ. ಅಂಗುಲ ಅಂಗುಲವಾಗಿ ಅಲಗನ್ನು ಪರೀಕ್ಷಿಸುವ ರೂಢಿಗೆ ಈ ನಂಬಿಕೆ ಕಾರಣವಾಗಿದ್ದಿರಬಹುದು. ಅದೇ ಅಧ್ಯಾಯದಲ್ಲಿ ಅಲಗಿಗೆ ಹದ ಕೊಡುವ ದ್ರವಗಳ ವಿವರವಿದೆ. ಬಾಳೆಯ ಬೂದಿಯ ಕ್ಷಾರವನ್ನು ಮಜ್ಜಿಗೆಯಲ್ಲಿ ಬೆರೆಸಿ ಒಂದು ದಿನವಿಟ್ಟು, ಅದರಿಂದ ಹದಗೊಳಿಸಿ ಸಾಣೆ ಹಿಡಿದ ಅಲಗು ಕಲ್ಲಿಗೆ ತಾಗಿದರೂ ಮುರಿಯದೆಂಬ ಮಾತು ಅಲ್ಲಿ ಬರುತ್ತದೆ.

ಇನ್ನು ಕಬ್ಬಿಣದ ವಿಚಾರ. ತುಮಕೂರು ಸೀಮೆಗೆ ಈ ಚರಿತ್ರೆಯಲ್ಲಿ ಗಣ್ಯವಾದ ಸ್ಥಾನ ಸಲ್ಲುವುದು ಮುಖ್ಯವಾಗಿ ಇದರಿಂದಲೇ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ದಿನಚರಿ 1807ರಲ್ಲಿ ಅಚ್ಚಾಯಿತು. ಗುಬ್ಬಿಯ ಸಂತೆಯನ್ನು ಕಂಡು ವರ್ಣಿಸಿದ ಅದೇ ಪ್ರವಾಸಿ, ಕುಣಿಗಲಿಗೆ ನೆರೆಯ ಮಾಗಡಿ ಪರಿಸರದ ಘಟ್ಟಿಪುರದಲ್ಲಿಯೂ ಮಧುಗಿರಿಯ ಕಡೆಯ ಚನ್ನರಾಯನದುರ್ಗದ ಸುತ್ತಿನಲ್ಲಿಯೂ ಕಬ್ಬಿಣ ಹಾಗೂ ಉಕ್ಕಿನ ತಯಾರಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಮಳೆಗಾಲದಲ್ಲಿ ಬೆಟ್ಟದ ತೊರೆಗಳು ಹೊತ್ತುತಂದ ಕಪ್ಪು ಮರಳನ್ನು ತೊಳೆದು ಇದ್ದಲಿನೊಡನೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಹಸಿಮಣ್ಣಿನ ಮೂಸೆಯಲ್ಲಿಟ್ಟು, ಮೂರು ರೂಪಾಯಿ ತೂಕದಷ್ಟು ತಂಗಡಿಯ ಕಡ್ಡಿಯನ್ನೂ ಒಂದು ಬಳ್ಳಿಯ ಎರಡು ಹಸಿರೆಲೆಗಳನ್ನೂ ಸೇರಿಸಿ, ಮಣ್ಣಿನ ಮುಚ್ಚಳದಿಂದ ಬಾಯಿ ಮೆತ್ತಿ, ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ ತಿದಿಯೊತ್ತಿ ಕರಗಿಸುತ್ತಿದ್ದರು. ತಂಗಡಿ ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಸಾಮಾನ್ಯ ಗಿಡ. ಕಬ್ಬಿಣವನ್ನು ಉಕ್ಕಾಗಿಸುವ ಇಂಗಾಲವನ್ನು ಒದಗಿಸುತ್ತಿದ್ದುದು ಅದು.

ಈ ಉಕ್ಕಿನ ಕೀರ್ತಿ ದೊಡ್ಡದು. ಯುರೋಪಿಗೆ ‘ವೂಟ್ಸ್’ ಎಂಬ ಹೆಸರಿನಲ್ಲಿ ತಲುಪಿದ ಲೋಹ ಇದೇ ಬಗೆಯದು. ಆ ಹೆಸರು ಕನ್ನಡದ ಉಕ್ಕು ಎಂಬ ಮಾತಿನ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಬಗೆಗೆ ಪ್ರಬಂಧ ಮಂಡಿಸಿದನು. 1819ರಲ್ಲಿ ಮೈಕೇಲ್ ಫ್ಯಾರಡೆ ಇದರ ವಿಶ್ಲೇಷಣೆಯನ್ನು ಪ್ರಕಟಿಸಿದನು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಯ ಚೂರುಗಳನ್ನು ಲೋಹಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. ದಮಾಸ್ಕಸ್ ಅಲಗುಗಳ ಮೇಲಿನ ಅಲೆಯಂತಹ ಚಿತ್ತಾರ ಇಂತಹ ಉಕ್ಕಿನ ಒಳರಚನೆಯಿಂದಲೇ ಮೂಡುವಂತಹುದು.

ಆದರೆ ಕೀರ್ತಿಯ ಮಾತಿನಲ್ಲಿ ಕಮ್ಮಾರನ ಕಷ್ಟ ಮರೆಯಾಗಬಾರದು. ಮೂಸೆಯ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಶೇಕಡ 1ಕ್ಕಿಂತ ಹೆಚ್ಚು. ಅಂತಹ ಉಕ್ಕನ್ನು ಅತಿಯಾಗಿ ಕಾಯಿಸಿದರೆ ಸುತ್ತಿಗೆಯ ಏಟಿಗೆ ಪುಡಿಯಾಗುತ್ತದೆ, ಸಾಲದಷ್ಟು ಕಾಯಿಸಿದರೆ ಬಿರಿಯುತ್ತದೆ. ನಡುವಣ ಕಿರಿದಾದ ಶಾಖದ ಅವಧಿಯಲ್ಲಿಯೇ, ಬಣ್ಣವನ್ನು ಕಣ್ಣಿನಿಂದಲೇ ಅಂದಾಜುಮಾಡಿ, ತಾಳ್ಮೆಯಿಂದ ಬಡಿಯಬೇಕು. ಮೂಸೆಯಿಂದ ಬರುವ ಗಟ್ಟಿಯೂ ಚಿಕ್ಕದು. ಒಂದು ಉದ್ದನೆಯ ಖಡ್ಗವನ್ನು ಇದರಿಂದ ಎಳೆಯುವುದಕ್ಕಿಂತ ಒಂದು ಸುರಿಗೆಯನ್ನು ಎಳೆಯುವುದು ಸುಲಭ. ಬಾಯಿಗೆ ಮಾತ್ರ ಉಕ್ಕು ಕೂಡಿಸಿ ಬೆನ್ನಿಗೆ ಮೆತು ಕಬ್ಬಿಣವನ್ನು ಬಿಡುವುದು ಇನ್ನೂ ಮಿತವ್ಯಯದ ದಾರಿ. ಹೀಗೆ ಮಾಡಿದ ಅಲಗಿನ ಬಾಯಿ ಹರಿತವಾಗಿ ಉಳಿಯುತ್ತದೆ, ಬೆನ್ನು ಏಟನ್ನು ತಾಳುತ್ತದೆ. ಈ ಸೀಮೆಯ ಉಕ್ಕು ಆಯುಧಕ್ಕೆ ಮಾತ್ರ ಸಲ್ಲಲಿಲ್ಲವೆಂಬುದೂ ಗಮನಾರ್ಹ. ಕಲ್ಲುಕುಟಿಗರ ಉಳಿಗಳಿಗೆ ಅದು ಬೇಕಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದುದನ್ನು ಬುಕನನ್ ಪ್ರಶಂಸಿಸಿದ್ದಾನೆ. ತುಮಕೂರು ನಗರದ ಸಮೀಪದ ಕೈದಾಳದಲ್ಲಿ ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಂಡನೆಂಬ ಐತಿಹ್ಯವನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಆ ಉಳಿಯನ್ನು, ಆ ಕತ್ತಿಯನ್ನು ಮಾಡಿಕೊಟ್ಟವನಿಗೆ ಐತಿಹ್ಯದಲ್ಲಿಯೂ ಎಡೆಯಿಲ್ಲ.

ಯುದ್ಧದ ಹೊರಗೆ ಈ ಆಯುಧಗಳನ್ನು ಅಭ್ಯಾಸಮಾಡುವ ವ್ಯವಸ್ಥಿತ ಪರಂಪರೆಯೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದ, ಅಂಕವಿನೋದ, ಮಲ್ಲವಿನೋದಗಳೆಂಬ ಭಾಗಗಳಿವೆ. ಅಂಕವೆಂದರೆ ಇಬ್ಬರ ನಡುವಣ ಆಯುಧದ ದ್ವಂದ್ವಕಾಳಗ. ಅದನ್ನು ಹೂಡುವವನು ಅಂಕಕಾರ. ವಿಜಯನಗರದಲ್ಲಿ ದ್ವಂದ್ವಯುದ್ಧಕ್ಕೆ ಮಂತ್ರಿಯ ಅಪ್ಪಣೆ ಬೇಕಿತ್ತೆಂದೂ ಸತ್ತವನ ಆಸ್ತಿ ಗೆದ್ದವನಿಗೆ ಸಲ್ಲುತ್ತಿತ್ತೆಂದೂ ಪೋರ್ಚುಗೀಸ್ ಪ್ರವಾಸಿ ನೂನಿಜ್ ಹೇಳುತ್ತಾನೆ. ಆಯುಧದ ಹಿಡಿ ಒಂದು ಗೆರೆಯಷ್ಟು ಸಡಿಲವಾಗಿದ್ದರೂ ಅದರ ಬೆಲೆ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು. ಇದರ ಕೊನೆಯ ಕೊಂಡಿಯಾಗಿ ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಇಂದಿಗೂ ಉಳಿದಿದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈಯ ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿಯನ್ನು ಧರಿಸಿ ಸೆಣಸುತ್ತಾರೆ. ರಕ್ತ ತೊಟ್ಟಿಕ್ಕಿದೊಡನೆ ಕಾಳಗ ಮುಗಿಯುತ್ತದೆ. ಹಿಂದೆ ದಂತದಿಂದಲೂ ಅದನ್ನು ಮಾಡುತ್ತಿದ್ದರು. ಕೊಲ್ಲುವ ಆಯುಧವನ್ನು ಗೆರೆ ಮೂಡಿಸುವಷ್ಟಕ್ಕೆ ಇಳಿಸಿಕೊಂಡ ರಚನೆಯಿದು. ಸೊಂಟದ ಕಠಾರಿಗೂ ಇದಕ್ಕೂ ಇರುವ ಸಮಾನ ಅಂಶವೆಂದರೆ ಎರಡೂ ಮುಷ್ಟಿಯನ್ನೇ ಆಧಾರವಾಗಿಟ್ಟುಕೊಂಡಿರುವುದು.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಪಾಳೆಯಗಾರರ ನೆಲೆ. ಕುಣಿಗಲು ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳು ಮಾಗಡಿಯ ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡವು. 1791ರಲ್ಲಿ ಹುತ್ರಿದುರ್ಗ ಇಂಗ್ಲಿಷರ ವಶವಾಯಿತು. ಎಂಟು ವರ್ಷಗಳ ಮೇಲೆ ಶ್ರೀರಂಗಪಟ್ಟಣವೂ ಬಿದ್ದಿತು. ಕಾಳಗದ ಕತ್ತಿ ಬೇಕೆಂದು ಕುಲುಮೆಗೆ ಬರುವವರು ಅಲ್ಲಿಂದ ಮುಂದೆ ವಿರಳವಾದರು. ಉತ್ತರದಲ್ಲಿ 1857ರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಒಪ್ಪದೆ ಹಲಗಲಿಯ ಬೇಡರು ದಂಗೆಯೆದ್ದರು. ಈ ಸೀಮೆಯಲ್ಲಿ ಅಂತಹ ಸದ್ದೇನೂ ಆಗಲಿಲ್ಲ. ಇಲ್ಲಿ ಕುಲುಮೆಯನ್ನು ತಣ್ಣಗಾಗಿಸಿದುದು ಕಾಯಿದೆಗಿಂತ ಹೆಚ್ಚಾಗಿ ಹಡಗಿನಲ್ಲಿ ಬಂದಿಳಿದ ಅಗ್ಗದ ವಿಲಾಯತಿ ಕಬ್ಬಿಣ. ಕಪ್ಪು ಮರಳನ್ನು ತೊಳೆಯುವವರು ಇಲ್ಲವಾದರು. ಮೂಸೆಯ ಉಕ್ಕಿನ ಹದ ಬಲ್ಲವರು ಒಂದೆರಡು ತಲೆಮಾರಿನಲ್ಲಿ ಕಣ್ಮರೆಯಾದರು. ಆಯದ ಕಾಳಿಗೆ ಕುಳ, ಕುಡುಗೋಲುಗಳನ್ನು ಮಾಡಿಕೊಡುವ ಕಮ್ಮಾರ ಮಾತ್ರ ಊರಿನಲ್ಲಿ ಉಳಿದನು.

ಸ್ವತಂತ್ರ ಭಾರತದ 1959ರ ಆಯುಧಗಳ ಅಧಿನಿಯಮದ ಅಡಿಯಲ್ಲಿ 1962ರಲ್ಲಿ ರಚಿತವಾದ ನಿಯಮಾವಳಿಯು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧವೆಂದು ಪರಿಗಣಿಸಿ, ಮನೆವಾರ್ತೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗೆಂದು ರೂಪಿಸಿದವುಗಳನ್ನು ಹೊರತುಪಡಿಸಿತು. ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ ಇವಕ್ಕೆ ಪರವಾನಗಿ ಬೇಕಾಗುತ್ತದೆ. 2016ರಲ್ಲಿ ಹೊಸ ನಿಯಮಾವಳಿ ಅದರ ಸ್ಥಾನಕ್ಕೆ ಬಂದಿತು. ಏತಕ್ಕೆಂದು ರೂಪಿಸಿದ್ದು ಎಂಬ ಪ್ರಶ್ನೆಯನ್ನು ಕಾನೂನು ಎತ್ತಿದೆ, ಇತಿಹಾಸಕಾರರು ಇನ್ನೂ ಎತ್ತಬೇಕಾಗಿದೆ. ಒಂದು ಅಲಗನ್ನು ಕೈಗೆತ್ತಿಕೊಂಡರೆ ಅದು ತೆಂಗಿನಕಾಯಿಗೋ, ಕುರಿಗೋ, ಮನುಷ್ಯನಿಗೋ ಎಂಬುದನ್ನು ಬೆನ್ನಿನ ದಪ್ಪ, ಮೊನೆಯ ಓರೆ, ಹಿಡಿಯ ತೂಕಗಳಿಂದ ಹೇಳಬಲ್ಲವರು ಇಂದು ನಮ್ಮ ವಸ್ತುಸಂಗ್ರಹಾಲಯಗಳಿಗಿಂತ ಹೆಚ್ಚಾಗಿ ಕುಲುಮೆಗಳಲ್ಲಿದ್ದಾರೆ.

ಗುಬ್ಬಿ, ಕುಣಿಗಲು ಕಡೆಯ ಕುಲುಮೆಗಳಲ್ಲಿ ಈಗ ಮಚ್ಚಿಗೂ ಕುಡುಗೋಲಿಗೂ ಒದಗುವುದು ಲಾರಿಯಿಂದ ಕಳಚಿದ ಹಳೆಯ ಪಟ್ಟಿ. ಅದನ್ನು ಕಾಯಿಸುವಾಗ ಕಮ್ಮಾರ ನೋಡುವುದು ಬಣ್ಣವನ್ನೇ, ನೀರಿಗೆ ಅದ್ದುವ ಮುನ್ನ ಕಾಯುವುದೂ ಆ ಒಂದು ಕ್ಷಣಕ್ಕಾಗಿಯೇ. ಹಿಡಿ ಹಾಕುವ ಮೊದಲು ಕೊಳ್ಳಲು ಬಂದವನ ಕೈಗೆ ಅಲಗನ್ನು ಕೊಟ್ಟು, ಒಮ್ಮೆ ಬೀಸಿ ನೋಡಲು ಹೇಳುತ್ತಾನೆ.